ಮಳೆಗಾಲದ ತಮಟೆ

ನಮ್ಮ ಜಾನಪದ ವಿಮರ್ಶೆಗೆ ಗೊತ್ತಿರುವುದು ಮೆರವಣಿಗೆಯ ಋತು ಮಾತ್ರ. ಬೇಸಗೆಯ ಜಾತ್ರೆ, ದಸರಾ, ನವೆಂಬರಿನ ರಾಜ್ಯೋತ್ಸವ. ಆಗ ತಮಟೆಯಲ್ಲಿ ಮಣ್ಣಿನ ವಾಸನೆ ಹಿಡಿಯುತ್ತೇವೆ. ಆಷಾಢದಲ್ಲಿ ಬಾರಿಸೋರು ಕೂಲಿಗೆ ಹೋಗಿರುತ್ತಾರೆ. ತೇವಕ್ಕೆ ತೊಗಲು ಸಡಿಲಾಗುತ್ತೆ, ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸದೆ ನಾದ ಏಳೋದಿಲ್ಲ ಅನ್ನೋ ತಿಳಿವಳಿಕೆ ನಾನು ಪಾಠ ಮಾಡುವ ಜಾನಪದ ಪಠ್ಯದಲ್ಲಿಲ್ಲ. ಲಯದ ವರ್ಣನೆಯೇನೋ ಧಾರಾಳವಾಗಿದೆ.

'ಜಾನಪದ' ಎಂಬ ಮಾತು ಇಲ್ಲಿ ಜಾತಿಯನ್ನು ನುಂಗಿಕೊಳ್ಳುತ್ತದೆ. ಹೊಲೆಯ ಮಾದಿಗರ ವಾದ್ಯ ಸಮಸ್ತ ಜನಪದರದ್ದಾದ ಕೂಡಲೇ, ಸಾವಿನ ಮನೆ ಮುಂದೆ, ಊರಹಬ್ಬದಲ್ಲಿ ಬಿಟ್ಟಿ ಬಾರಿಸಿದ ಚರಿತ್ರೆ ಕಳಚಿಬೀಳುತ್ತದೆ. ಆ ಬಿಟ್ಟಿ ಒಲ್ಲೆವೆಂದು ಎಷ್ಟೋ ಕೇರಿಗಳು ತಮಟೆಯನ್ನು ಕೆಳಗಿಟ್ಟವು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅದೇ ತಮಟೆ ಹೋರಾಟದ ಹಾಡುಗಳ ಜೊತೆ ಮುಂದೆ ನಡೆಯಿತು. ಇವೆರಡನ್ನು ಪರಸ್ಪರ ವಿರೋಧವೆಂದು ನೋಡುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಯಾರು ಕರೆದರು, ಏನು ಕೊಟ್ಟರು, ಬರೋದಿಲ್ಲ ಅಂದರೆ ಊರು ಸುಮ್ಮನಿರುತ್ತಾ ಎಂಬ ಪ್ರಶ್ನೆಗಳು ಎರಡರ ಹಿಂದೆಯೂ ಇವೆ. ಸಾಂಸ್ಕೃತಿಕ ಇಲಾಖೆಯ ವೇದಿಕೆಗೂ ಇವೇ ಪ್ರಶ್ನೆಗಳನ್ನು ಕೇಳಬೇಕು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಬಹಳ ತಡವಾಗಿಯಾದರೂ ಬಂತಲ್ಲ ಎಂಬ ಸಂತೋಷ ನನಗೂ ಇದೆ. ಆದರೆ ಪ್ರಶಸ್ತಿ ಒಬ್ಬರಿಗೆ, ಬಾರಿಸೋದು ತಂಡ. ಸರ್ಕಾರದ ಮಾಸಾಶನವೂ ಮುಪ್ಪಿನ ಕಲಾವಿದರಿಗೆ. ಮೂವತ್ತರ ಹುಡುಗನಿಗೆ ಮಳೆಗಾಲದ ನಾಲ್ಕು ತಿಂಗಳು ಏನಿದೆ? ಕೇರಿ ಮಕ್ಕಳಿಗೆ ಕಲಿಸೋ ಕೆಲಸವನ್ನು ಸಂಬಳ ಕೊಟ್ಟು ಆಗಲೇ ಮಾಡಿಸಬಹುದು. ಕಲಿಯಬೇಕೋ ಬೇಡವೋ ಅನ್ನೋದನ್ನ ಆ ಮಕ್ಕಳೇ ಹೇಳಲಿ.