ಐವತ್ತು ರೂಪಾಯಿಯ ಭೀಮಸೇನ

ಪೈಠಣದ ನಾಥ ಮಂದಿರದ ದಾರಿಯಲ್ಲಿ ಒಂದು ಪುಟ್ಟ ಅಂಗಡಿ. ತುಳಸಿ ಮಾಲೆ, ಬುಕ್ಕಾ, ತಾಳ, ಕಟ್ಟು ಹಾಕಿಸಿದ ಏಕನಾಥರ ಪಟ. ಇವೆಲ್ಲದರ ಹಿಂದೆ ಧೂಳು ಹಿಡಿದ ಸಿ.ಡಿ.ಗಳ ಒಂದು ರಟ್ಟಿನ ಡಬ್ಬಿ. ನಮ್ಮ ಹಳೆಯ ಕಾರಿನಲ್ಲಿ ಇನ್ನೂ ಸಿ.ಡಿ. ಪ್ಲೇಯರ್ ಇರುವುದರಿಂದ ಇಂಥ ಡಬ್ಬಿ ಕಂಡರೆ ನಾನು ಬಿಡುವುದಿಲ್ಲ. ಜೊತೆಗೆ ಅವ್ವ ಇದ್ದಳು. ಗದಗಿನ ಮನೆಗೆ ಕೀಲಿ ಹಾಕಿ ಅವಳು ವಾಳೂಜಿನ ನಮ್ಮ ಫ್ಲ್ಯಾಟಿಗೆ ಬಂದು ಆಗ 8 ತಿಂಗಳಾಗಿತ್ತು.

ಡಬ್ಬಿಯಲ್ಲಿ ಭೀಮಸೇನ ಜೋಶಿಯವರ ಎರಡು ಸಂಕಲನಗಳಿದ್ದವು. 100 ಹಾಡುಗಳ ಎಂಪಿ3 ಡಿಸ್ಕಿಗೆ 80 ರೂಪಾಯಿ, 8 ಅಭಂಗಗಳ ಆಡಿಯೊ ಸಿ.ಡಿ.ಗೆ 50. ಅಂಗಡಿಯವನ ಲೆಕ್ಕ ಸರಳ: "ಮಾವಶಿ, ನೂರರದ್ದು ತಗೊಳ್ಳಿ, ಒಂದು ಹಾಡು ಒಂದು ರೂಪಾಯಿಗೂ ಕಡಿಮೆ ಬೀಳುತ್ತದೆ." ಅವ್ವ ನನ್ನ ಕಡೆ ತಿರುಗಿ, "ನೂರು ಹಾಡು ಯಾರು ಕೇಳ್ತಾರಪಾ? ನಾಕು ಇದ್ರೂ ಪೂರಾ ಇರಬೇಕು" ಎಂದಳು. ಸಂಗೀತ ವಿಮರ್ಶೆಯಲ್ಲಿ ನಾನು ಓದಿದ ಎಷ್ಟೋ ಮಾತುಗಳಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬಂತು.

ನೂರರ ಡಿಸ್ಕಿನ ಹಿಂಬದಿ ಓದಿದೆ. ಅಭಂಗ, ದಾಸರ ಪದ, ಹಿಂದಿ ಭಜನೆ, ನಡುನಡುವೆ ಆರಾರು ನಿಮಿಷದ ಖಯಾಲುಗಳು. ಭೀಮಸೇನರ ವಿಳಂಬಿತವನ್ನು ಆರು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ಏನು? ಅವರು ರಾಗದ ಒಳಗೆ ಇನ್ನೂ ಕಾಲಿಟ್ಟಿರುವುದಿಲ್ಲ, ಅಷ್ಟರಲ್ಲಿ ದನಿ ತಗ್ಗಿ ಮುಂದಿನ ಹಾಡು ಶುರುವಾಗುತ್ತದೆ. ಇನ್ನು ಒಂದೇ ಡಿಸ್ಕಿನಲ್ಲಿ ನೂರು ಹಾಡು ತುರುಕಬೇಕಾದರೆ ಧ್ವನಿಯನ್ನು ಹಿಂಡಲೇಬೇಕು. ಹಾಗೆ ಹಿಂಡಿದಾಗ ಮೊದಲು ಮಂಕಾಗುವುದು ತಾನಪೂರದ ಝೇಂಕಾರ, ತಾಳದ ಅನುರಣನ. ಅಭಂಗದಲ್ಲಿ ಅವು ಹೋದರೆ ದಿಂಡಿಯೇ ಹೋದ ಹಾಗೆ. ಹಾಗಾಗಿ 50 ರೂಪಾಯಿಯದ್ದನ್ನೇ ಕೊಂಡೆ.

ಅದು ನಿರ್ದೋಷಿ ಅಂತಲ್ಲ. ಮುಖಪುಟದಲ್ಲಿ ಭೀಮಸೇನರ ಚಿತ್ರ ಬಿಟ್ಟರೆ ಬೇರೆ ಯಾರ ಹೆಸರೂ ಇಲ್ಲ. ಕವಿಗಳ ಹೆಸರು ಬಿಟ್ಟರೂ ಅವರು ಹೇಗೋ ಬಚಾವಾಗುತ್ತಾರೆ, ಕೊನೆಯ ಸಾಲಿನಲ್ಲಿ ತಮ್ಮ ಅಂಕಿತ ಹಾಕಿಯೇ ಹೋಗಿರುತ್ತಾರೆ. ನಮ್ಮ ದಾಸರಿಗೆ ವಿಠಲನ ಅಂಕಿತವಿದ್ದಂತೆ ಏಕನಾಥರಿಗೆ 'ಏಕಾ ಜನಾರ್ದನಿ', ತಮ್ಮ ಹೆಸರಿನ ಜೊತೆ ಗುರು ಜನಾರ್ದನಸ್ವಾಮಿಗಳ ಹೆಸರು. ಆದರೆ ರಾಗ ಹಾಕಿದವನಿಗೆ ಅಂಕಿತವಿಲ್ಲ. ಅಹಿರ್ ಭೈರವದ 'ತೀರ್ಥ ವಿಠ್ಠಲ', 'ಕಾಯಾ ಹೀ ಪಂಢರಿ', 'ಮಾಝೆ ಮಾಹೇರ ಪಂಢರಿ' ಇವಕ್ಕೆಲ್ಲ ಧಾಟಿ ಕೊಟ್ಟ ರಾಮ್ ಫಾಟಕ್ ಇಂಥ ಅಗ್ಗದ ಸಂಕಲನದಲ್ಲಿ ಪೂರ್ತಿ ಮಾಯವಾಗುತ್ತಾರೆ. ಭೀಮಸೇನರ ಸಂತವಾಣಿ ಮನೆಮನೆ ತಲುಪಿದ್ದರಲ್ಲಿ ಆ ಧಾಟಿಗಳ ಪಾಲು ಸಣ್ಣದಲ್ಲ.

ಈ ಮೂರರಲ್ಲಿ ಮೊದಲನೆಯದು ನಾಮದೇವರದ್ದು, ಉಳಿದೆರಡು ಪೈಠಣದ ಏಕನಾಥರವು. ಹಾಗೆಂದು ಇದಿಷ್ಟೇ ಏಕನಾಥ ಅಂದುಕೊಂಡರೆ ಮೋಸ. ಚೇಳು ಕಡಿದವನ ಒದ್ದಾಟದ 'ವಿಂಚೂ ಚಾವಲಾ' ಬರೆದವರೂ ಅವರೇ. ಆ ಭಾರೂಡಿನ ನಗೆ ಬೇಕಿದ್ದರೆ ಶಾಹೀರ್ ಸಾಬಳೆಯವರ ಹತ್ತಿರವೇ ಹೋಗಬೇಕು. ಭೀಮಸೇನರ ಗಾಂಭೀರ್ಯಕ್ಕೆ ಅದು ಒಗ್ಗುವ ಸರಕಲ್ಲ.

'ಮಾಝೆ ಮಾಹೇರ ಪಂಢರಿ'ಯನ್ನು ಎಷ್ಟೋ ವರ್ಷದಿಂದ ಕೇಳಿದ್ದೇನೆ. ಏಕನಾಥರ (1533–1599) ಮನೆ ಇದ್ದದ್ದು ಈ ಊರಿನಲ್ಲೇ, ಸಂಸಾರ ಇಲ್ಲೇ, ಸಮಾಧಿ ಇಲ್ಲೇ. ಅಂಥವರು ಹಾಡಿನಲ್ಲಿ ಗಂಡನ ಮನೆಗೆ ಬಂದ ಹೆಣ್ಣಾಗಿ, ತವರು ಪಂಢರಪುರ ಅನ್ನುತ್ತಾರೆ. ಅಪ್ಪ ಅವ್ವ ವಿಠ್ಠಲ ರಖುಮಾಯಿ, ಅಣ್ಣ ಪುಂಡಲೀಕ, ತಂಗಿ ಚಂದ್ರಭಾಗೆ. ಅದನ್ನು ಹಾಡಿದವರು 1922ರಲ್ಲಿ ಈಗಿನ ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿ, 11ನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿ, ಉತ್ತರವನ್ನೆಲ್ಲ ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಪುಣೆಯಲ್ಲಿ ನೆಲೆ ನಿಂತವರು. 'ಮಾಹೇರ' ಅನ್ನುವಾಗ ಅವರು ಅಳುವುದಿಲ್ಲ. ಸಣ್ಣ ಗಾಯಕರು ಇಲ್ಲಿ ದನಿಯನ್ನು ನಡುಗಿಸಿಬಿಡುತ್ತಾರೆ. ಭೀಮಸೇನರು ಆ ಮಾತನ್ನು ತುಂಬುದನಿಯಲ್ಲಿ, ತನ್ನ ಆಸ್ತಿಯ ಬಗ್ಗೆ ಹೇಳಿದ ಹಾಗೆ ಹೇಳುತ್ತಾರೆ. ಪಲ್ಲವಿಗೆ ಮರಳಿದಾಗಲೆಲ್ಲ ಅದೇ ಮಾತಿಗೆ ಬೇರೆ ತಿರುವು. ನೆನಪು ಇಲ್ಲಿ ಕೊರಗಾಗುವುದಿಲ್ಲ, ಹಕ್ಕಾಗುತ್ತದೆ.

ಕಾರು ಸಂಭಾಜಿನಗರದ ರಸ್ತೆ ಹಿಡಿದಿತ್ತು. ಅವ್ವನಿಗೆ ಮರಾಠಿ ಅಷ್ಟಕ್ಕಷ್ಟೆ. "ಮಾಹೇರ ಅಂದ್ರ ತವರುಮನಿ ಅಲ್ಲೇನು?" ಅಂದಳು. ಹೌದು ಅಂದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಇನ್ನೊಮ್ಮೆ ಹಚ್ಚು" ಅಂದಳು. ಮೂರನೇ ಸಲ ಮುಗಿದ ಮೇಲೆ ಕೇಳಿದಳು: "ನಮ್ಮ ಭಾಗ್ಯದ ಲಕ್ಷ್ಮಿ ಇಲ್ಲೇನು ಇದರಾಗ?"

ಇರಲಿಲ್ಲ. ಅದು ನಾನು ಬಿಟ್ಟು ಬಂದ ನೂರರ ಡಿಸ್ಕಿನಲ್ಲಿ ಎಲ್ಲೋ ಕೊನೆಯ ಕಡೆಗಿತ್ತು. ಇದೇ ನನ್ನ ನಿಜವಾದ ತಕರಾರು. ಒಳ್ಳೆಯ ಸಂಕಲನಗಳು ಭೀಮಸೇನರನ್ನು ಭಾಷೆಗೊಂದು ಪಾಲು ಮಾಡಿಟ್ಟಿವೆ. ಮಹಾರಾಷ್ಟ್ರದ ಅಂಗಡಿಯಲ್ಲಿ ಸಂತವಾಣಿ, ನಮ್ಮ ಕಡೆಯ ಅಂಗಡಿಯಲ್ಲಿ ದಾಸವಾಣಿ. ಪುರಂದರದಾಸರೂ ಏಕನಾಥರೂ ಕರೆದದ್ದು ಒಬ್ಬನೇ ವಿಠ್ಠಲನನ್ನು, ಜ್ಞಾನೇಶ್ವರರಂತೂ ಅವನನ್ನು ಕಾನಡಾ, ಕರ್ನಾಟಕದವ ಎಂದೇ ಹಾಡಿದರು, ಹಾಡಿದ ಗಂಟಲೂ ಒಂದೇ. ಎರಡನ್ನೂ ಕತ್ತರಿಸದೆ ಒಟ್ಟಿಗಿಟ್ಟ ಅಗ್ಗದ ಡಿಸ್ಕು ನನಗಂತೂ ಈವರೆಗೆ ಸಿಕ್ಕಿಲ್ಲ. ಸಿಕ್ಕದ್ದು ಆ ನೂರರ ಗೋಣಿಚೀಲ ಮಾತ್ರ.

ಮುಂದಿನ ಭಾನುವಾರ ಒಬ್ಬನೇ ಹೋಗಿ ಅದನ್ನೂ ತಂದೆ. ಅಂಗಡಿಯವನು ನಕ್ಕ. ಈಗ ಮನೆಯಲ್ಲಿ ನಮ್ಮದೇ ಪಟ್ಟಿ ತಯಾರಾಗುತ್ತಿದೆ: 8 ಅಭಂಗ, 'ಭಾಗ್ಯದ ಲಕ್ಷ್ಮಿ', 'ಸಂಧ್ಯಾರಾಗ' (1966) ಚಿತ್ರದ 'ನಂಬಿದೆ ನಿನ್ನ ನಾದದೇವತೆಯೆ'. ಭಾಗ್ಯದ ಲಕ್ಷ್ಮಿಯನ್ನು ಕಛೇರಿಯ ಮಂಗಳದಂತೆ ಕೊನೆಗಿಡೋಣ ಅಂತ ನಾನು. ಮನೆಯೊಳಗೆ ಬರುವವಳನ್ನು ಕಡೀಕ ಕರಿತಾರೇನು, ಮೊದಲ ಹಚ್ಚು ಅಂತ ಅವ್ವ. ಅದಿನ್ನೂ ತೀರ್ಮಾನವಾಗಿಲ್ಲ.