ಮಲ್ಲಿತಮ್ಮನ ಅಂಕಿತ



ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿರಿಸಿರುವ ಪ್ರಾಚೀನ ಶಿಲ್ಪಗಳನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯದ ಹೊಯ್ಸಳ ತ್ರಿಕೂಟವೂ ನಿಮಗೆ ಅಪರಿಚಿತವಲ್ಲ. ಇವುಗಳನ್ನು ಕಂಡು ತಲೆದೂಗುವವರು ಬಹಳ. ಕಟ್ಟಿಸಿದ ದಣ್ಣಾಯಕನಾರು, ಆಳಿದ ದೊರೆ ಯಾರು ಎಂದು ವಿಚಾರಿಸುವವರೂ ಉಂಟು. ಆದರೆ ಉಳಿ ಹಿಡಿದವನಾರು, ಆ ಉಳಿಯೊಡನೆ ಅವನು ಹೇಗೆ ಬೆಳೆದನು ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಉತ್ತರ ದೊರೆಯಬಲ್ಲ ಒಂದು ಸ್ಥಳ ನಮ್ಮ ನೆರೆಯಲ್ಲೇ, ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿದೆ.

ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದನು. ಅದರ ಶಾಸನದ ಪದ್ಯಗಳು ಕವಿ ಜನ್ನನವು. 'ಯಶೋಧರ ಚರಿತೆ' ಬರೆಯುವುದಕ್ಕೆ ಆತನಿಗೆ ಇನ್ನೂ ಹತ್ತಾರು ವರ್ಷಗಳ ಅವಕಾಶವಿತ್ತು. ಆ ಕಾವ್ಯದ ಕಾಲ 1209. ಅದೇ ದೇವಾಲಯದಲ್ಲಿ ರೂವಾರಿ ಮಲ್ಲಿತಮ್ಮನೆಂಬ ಶಿಲ್ಪಿಯು ಮಂಟಪದ ಗುಮ್ಮಟಾಕಾರದ ಒಳಛಾವಣಿಗಳಲ್ಲಿ ತನ್ನ ವೃತ್ತಿಜೀವನವನ್ನು ಆರಂಭಿಸಿದನೆಂದು ವಿದ್ವಾಂಸರು ಗುರುತಿಸಿದ್ದಾರೆ. ಮಾತಿನ ಕಲೆಗಾರನೊಬ್ಬನೂ ಕಲ್ಲಿನ ಕಲೆಗಾರನೊಬ್ಬನೂ ತಮ್ಮ ಆರಂಭದ ದಿನಗಳಲ್ಲಿ ಒಂದೇ ಗುಡಿಗೆ ದುಡಿದರೆಂಬುದು ಸಣ್ಣ ಸಂಗತಿಯಲ್ಲ. ಜನ್ನನು ಮುಂದೆ ಕವಿಚಕ್ರವರ್ತಿಯೆನಿಸಿದನು. ಮಲ್ಲಿತಮ್ಮನ ಬಿರುದು ಯಾವುದು? ಅದನ್ನು ಅವನ ಕೃತಿಗಳಲ್ಲಿಯೇ ಅರಸಬೇಕು.

ಅಮೃತಾಪುರದ ತೆರೆದ ಮಂಟಪದಲ್ಲಿ 29 ಅಂಕಣಗಳಿವೆ. ಹೊರಗಿನ ಕಕ್ಷಾಸನದ ಗೋಡೆಯ ಮೇಲೆ ರಾಮಾಯಣ, ಕೃಷ್ಣಲೀಲೆ, ಭಾರತಗಳ ಕಥೆಗಳನ್ನು 140 ಫಲಕಗಳಲ್ಲಿ ಬಿಡಿಸಲಾಗಿದೆ. ಬಂದವರ ಕಣ್ಣು ಮೊದಲು ಬೀಳುವುದು ಅವುಗಳ ಮೇಲೆ. ತಲೆಯೆತ್ತಿ ಛಾವಣಿ ನೋಡುವವರು ಕಡಿಮೆ. ಹೊಸಬನ ಕೈಗೆ ಒಪ್ಪಿಸಿದ್ದು ಈ ತಲೆಯೆತ್ತಿ ನೋಡಬೇಕಾದ ಎಡೆಯನ್ನು. ಅಲ್ಲಿ ಕಥೆಯಿಲ್ಲ, ನಾಟಕೀಯವಾದ ಸನ್ನಿವೇಶವಿಲ್ಲ. ವೃತ್ತ, ಅಷ್ಟಕೋನ, ಕೆಳಮುಖವಾಗಿ ಇಳಿಬಿದ್ದ ಕಮಲದ ಮೊಗ್ಗು, ಇಷ್ಟೇ. ಆದರೆ ಅಳತೆಯ ಶಿಸ್ತು ಕೈಗೆ ಕೂಡಿಬರುವುದು ಇಂತಹ ಕೆಲಸದಲ್ಲಿಯೇ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು. ಗಾಳಿಗೆ ಒಡ್ಡಿದಂತೆ ಕ್ರಮೇಣ ಗಟ್ಟಿಯಾಗುವುದು. ಮೃದುವಾದ ಕಲ್ಲು ಯುವಕನಿಗೆ ಒಂದು ಆಮಿಷವೇ ಸರಿ. ಉಳಿ ಹೇಳಿದಂತೆ ಕಲ್ಲು ಕೇಳುವಾಗ ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿಸುವುದು ಛಾವಣಿಯ ಗಣಿತ.

ಮುಂದಿನ ದಶಕಗಳಲ್ಲಿ ಈ ಹೆಸರು ಊರಿಂದೂರಿಗೆ ಸಂಚರಿಸುವುದು. 1246ರ ನುಗ್ಗೇಹಳ್ಳಿಯ ದೇವಾಲಯದಲ್ಲಿ ಬೈಚೋಜನೆಂಬ ಇನ್ನೊಬ್ಬ ಸಮರ್ಥ ಶಿಲ್ಪಿಯೊಡನೆ ಮಲ್ಲಿತಮ್ಮನೂ ದುಡಿದಿದ್ದಾನೆ. ಕೊನೆಗೆ 1268ರ ಸೋಮನಾಥಪುರದಲ್ಲಿಯೂ ಅವನ ಅಂಕಿತವಿದೆ. 1196ರಲ್ಲಿ ಹದಿನೆಂಟರ ತರುಣನಾಗಿದ್ದವನು 1268ರಲ್ಲಿ ತೊಂಬತ್ತರ ವೃದ್ಧನಾಗಿರಬೇಕು. ಹೀಗಿರುವಾಗ ಒಂದು ದೀರ್ಘಾಯುಷ್ಯವನ್ನು ನಾವು ಒಪ್ಪಬೇಕು. ಇಲ್ಲವೇ ಶಿಷ್ಯರೂ ವಂಶಜರೂ ಹೊತ್ತು ಮುಂದುವರಿಸಿದ ಹೆಸರೆಂದು ತಿಳಿಯಬೇಕು. ಹೇಗೆ ತಿಳಿದರೂ ವ್ಯಕ್ತಿಯ ಹೆಸರು ಒಂದು ಪರಂಪರೆಯ ಹೆಸರಾಗಿ ಬೆಳೆದುದು ಸ್ಪಷ್ಟ.

ಈಗ ಅಂಕಿತದ ವಿಚಾರಕ್ಕೆ ಬರೋಣ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಗುಡಿಯಲ್ಲಿ ನಮ್ಮ ಜಿಲ್ಲೆಯ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ಮದನಿಕೆಯರನ್ನು ಕಡೆದರು. ಅಲ್ಲಿಯ ರೂವಾರಿಗಳು ತಮ್ಮ ಊರು, ತಂದೆಯ ಹೆಸರು, ಬಿರುದುಗಳನ್ನು ವಿಸ್ತಾರವಾಗಿ ಕೆತ್ತಿಕೊಂಡಿದ್ದಾರೆ. ಎದುರಾಳಿ ಶಿಲ್ಪಿಗಳೆಂಬ ಪರ್ವತಕ್ಕೆ ತಾನು ವಜ್ರವೆಂಬ ಧಾಟಿಯ ಬಿರುದು ಬೈಚೋಜನಿಗೂ ಉಂಟು. ನಲವತ್ತಕ್ಕೂ ಹೆಚ್ಚು ಮೂರ್ತಿಗಳ ಮೇಲೆ ಅಂಕಿತವುಳ್ಳ ಮಲ್ಲಿತಮ್ಮನಾದರೋ ಬಹುಮಟ್ಟಿಗೆ 'ಮಲ್ಲಿ' ಎಂದು ಬರೆದು ಮುಗಿಸಿದನು. ಕೆಲವೆಡೆ ಕೇವಲ 'ಮ'. ಕೃತಿ ಹೆಚ್ಚಿದಂತೆ ಹೆಸರು ಕುಗ್ಗಿತು.

ಇದನ್ನು ವಿನಯವೆಂದು ಕೊಂಡಾಡುವ ಮೊದಲು ವಿಮರ್ಶಕನು ಸ್ವಲ್ಪ ತಡೆಯಬೇಕು. ಕೂಲಿಯ ಲೆಕ್ಕಕ್ಕಾಗಿ ಹಾಕಿದ ಗುರುತೂ ಅದಾಗಿರಬಹುದು. ಸೋಮನಾಥಪುರದ ಗೋಡೆಯಲ್ಲಿ ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳನ್ನು ನೋಡಿರಿ. ಶಂಖ, ಚಕ್ರ, ಗದೆ, ಪದ್ಮಗಳನ್ನು ನಾಲ್ಕು ಕೈಗಳಲ್ಲಿ ಅದಲು ಬದಲು ಮಾಡಿದರೆ ಇಪ್ಪತ್ತನಾಲ್ಕು ವಿನ್ಯಾಸಗಳಾಗುವುವು. ಮೂರ್ತಿಗಳಿಗೆ ಬೇರೆ ಬೇರೆ ಹೆಸರು ಬರುವುದು ಇದರಿಂದಲೇ. ನಿಲುವು ಒಂದೇ, ಕಿರೀಟ ಒಂದೇ. ಆಭರಣಗಳ ಭಾರದಲ್ಲಿ ಅಂಗಸೌಷ್ಠವವು ಹಲವೆಡೆ ಮರೆಯಾಗಿದೆ. ಬೇಲೂರಿನ ಮದನಿಕೆಯರ ಚಲನೆ ಇಲ್ಲಿ ಇಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಛಾವಣಿಯಲ್ಲಿ ಅಳತೆಯನ್ನು ಕಲಿತ ಕೈ ಗೋಡೆಯಲ್ಲಿ ಅಭ್ಯಾಸಕ್ಕೆ ಸಿಕ್ಕಿತೇ ಎಂಬ ಸಂದೇಹ ಸಹಜ.

ಆದರೂ ಈ ಲೇಖಕನ ನಿರ್ಣಯ ಬೇರೆ. ಪುನರಾವೃತ್ತಿಯು ಕಲಾವಿದನ ಜೀವನದಲ್ಲಿ ಎರಡು ಬಗೆಯಾಗಿ ಬರುವುದು. ಉತ್ಸಾಹ ಬತ್ತಿದಾಗ ಬರುವುದು ಒಂದು. 'ನಾನು ಹೊಸತನ್ನು ಮಾಡಿದೆ' ಎಂಬ ಆತುರ ಅಡಗಿದಾಗ ಬರುವುದು ಮತ್ತೊಂದು. ಮೊದಲನೆಯದರಲ್ಲಿ ಅಂಚುಗಳು ಸಡಿಲವಾಗುವುವು, ಬೆರಳುಗಳು ಅರ್ಧಕ್ಕೆ ನಿಲ್ಲುವುವು. ಮಲ್ಲಿತಮ್ಮನ ಅಂಕಿತವುಳ್ಳ ಮೂರ್ತಿಗಳಲ್ಲಿ ಹೊಸತನ ಕುಗ್ಗಿರಬಹುದು, ಕೈಯ ಎಚ್ಚರ ಕುಗ್ಗಿಲ್ಲ. ಅವನ ಹೆಸರು 'ಮ' ಆದುದಕ್ಕೆ ಕಾರಣ ವಿನಯವೋ ಲೆಕ್ಕವೋ, ಆ ಒಂದಕ್ಷರದ ಮೇಲೆ ನಿಂತಿರುವ ಕೆಲಸ ಮಾತ್ರ ಪೂರ್ಣವಾದುದು. ನಮ್ಮ ಶರಣರು ವಚನದ ಕೊನೆಗೆ ತಮ್ಮ ಹೆಸರನ್ನಿಡದೆ ಇಷ್ಟದೈವದ ಅಂಕಿತವನ್ನಿಟ್ಟರು. ಶಿಲ್ಪಿ ತನ್ನ ಹೆಸರನ್ನೇ ಇಟ್ಟನು. ದಾರಿಗಳು ಬೇರೆ. ಆದರೆ ಕೆಲಸದಲ್ಲಿ ತೊಡಗಿದವನ ದೃಷ್ಟಿ ತನ್ನಿಂದ ಕೆಲಸದ ಕಡೆಗೆ ತಿರುಗಿದಾಗಲೇ ಕಾಯಕವೆಂಬ ಮಾತಿಗೆ ಅರ್ಥ ಬರುವುದು.

ಇದನ್ನು ಇಂದು ಏಕೆ ಹೇಳಬೇಕಾಯಿತೆಂದರೆ, ಶಿವಮೊಗ್ಗ ಭದ್ರಾವತಿಗಳ ಅನೇಕ ಮನೆಗಳಲ್ಲಿ ಚಿತ್ರ ಬರೆಯುವ, ಮಣ್ಣು ಮಿದ್ದುವ ಮಕ್ಕಳಿದ್ದಾರೆ. ಮೊದಲ ಚಿತ್ರಕ್ಕೇ ಬಹುಮಾನ ಬರಲೆಂದು ನಾವು ಹಾತೊರೆಯುತ್ತೇವೆ. ಬಾರದಿದ್ದರೆ ಮಗು ಕುಂಚವನ್ನು ಕೆಳಗಿಡುವುದು. ಬಂದರೆ ಬಹುಮಾನ ತಂದ ಚಿತ್ರವನ್ನೇ ಮತ್ತೆ ಮತ್ತೆ ಬರೆಯುವುದು. ಎರಡೂ ನಷ್ಟವೇ. ಮಗುವಿಗೆ ಬೇಕಾದುದು ಯಾರೂ ನೋಡದ ಒಂದು ಛಾವಣಿ, ಅಲ್ಲಿ ತಪ್ಪಿ ತಿದ್ದಿಕೊಳ್ಳುವಷ್ಟು ಕಾಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅಮೃತಾಪುರ ಆ ಮೂರರಲ್ಲಿಲ್ಲ. ಮುಗಿದ ಕೀರ್ತಿಯನ್ನು ಕಾಣಬೇಕಾದವರು ಅಲ್ಲಿಗೆ ಹೋಗಲಿ. ಕಲಿಯುವ ಕೈಯನ್ನು ಕಾಣಬೇಕಾದವರು ಮಕ್ಕಳನ್ನು ಕರೆದುಕೊಂಡು ಅಮೃತಾಪುರಕ್ಕೆ ಹೋಗಿ, ಮಂಟಪದ ನಡುವೆ ನಿಂತು, ಒಂದು ಗಳಿಗೆ ತಲೆಯೆತ್ತಿ ನೋಡಲಿ.