ಮೊದಲು ತೊಂದರೆ, ಆಮೇಲೆ ಪರಿಭಾಷೆ

‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಪುಸ್ತಕವನ್ನು 1998ರಲ್ಲಿ ಅಲೆಸ್ಸಾಂಡ್ರೊ ರುಬಿನಿ ಒಬ್ಬರೇ ಬರೆದರು. 2005ರ ಮೂರನೆಯ ಆವೃತ್ತಿಯ ಹೊತ್ತಿಗೆ ಜೊನಾಥನ್ ಕಾರ್ಬೆಟ್ ಮತ್ತು ಗ್ರೆಗ್ ಕ್ರೋ-ಹಾರ್ಟ್‌ಮನ್ ಜೊತೆಗೂಡಿದ್ದರು. ಕರ್ನಲ್ 2.6.10ನ್ನು ಆಧರಿಸಿದ ಈ ಆವೃತ್ತಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಇಷ್ಟು ಹಳೆಯ ಪುಸ್ತಕವನ್ನು ಈಗಲೂ ಓದಬೇಕೆ? ಖಂಡಿತ ಓದಬೇಕು. ಪಾರಿಭಾಷಿಕ ಪದಗಳನ್ನು ಇಷ್ಟು ಚೆನ್ನಾಗಿ ಮನದಟ್ಟು ಮಾಡಿಸುವ ಪುಸ್ತಕಗಳು ವಿರಳ.

ಸ್ಪಿನ್‌ಲಾಕ್, ಸೆಮಾಫೋರ್, ಟಾಸ್ಕ್‌ಲೆಟ್‌ಗಳ ವ್ಯಾಖ್ಯೆ ಬಾಯಿಪಾಠ ಮಾಡಿದವರೂ ಡ್ರೈವರ್ ಬರೆಯಲು ಕುಳಿತಾಗ ತಡವರಿಸುತ್ತಾರೆ. ಇಲ್ಲಿನ ಕ್ರಮವೇ ಬೇರೆ. ಐದನೇ ಅಧ್ಯಾಯ ನೋಡಿ. ‘ಸ್ಕಲ್’ ಎಂಬ ಮಾದರಿ ಡ್ರೈವರ್‌ಗೆ ಯಂತ್ರಾಂಶವೇ ಬೇಡ, ಮೆಮೊರಿಯೇ ಅದರ ಸಾಧನ. ಎರಡು ಪ್ರಾಸೆಸ್‌ಗಳು ಒಂದೇ ಜಾಗಕ್ಕೆ ಬರೆಯಹೊರಟು, ಪಾಯಿಂಟರ್ ಖಾಲಿಯಿದೆಯೆಂದು ಎರಡೂ ಕಂಡುಕೊಂಡು, ಎರಡೂ ಮೆಮೊರಿ ಪಡೆಯುತ್ತವೆ. ಕೊನೆಗೆ ಬರೆದದ್ದು ಉಳಿಯುತ್ತದೆ; ಮೊದಲು ಪಡೆದ ಮೆಮೊರಿ ಯಾರ ಲೆಕ್ಕಕ್ಕೂ ಸಿಗದೆ ಸೋರಿಹೋಗುತ್ತದೆ. ‘ರೇಸ್ ಕಂಡಿಷನ್’ ಎಂದರೆ ಇದೇ ಎಂದು ಓದುಗನಿಗೆ ತಿಳಿಯುವುದು ಹೀಗೆ. ಸೆಮಾಫೋರ್ ಬರುವುದು ಆ ತೊಂದರೆಗೆ ಪರಿಹಾರವಾಗಿ. ಸ್ಪಿನ್‌ಲಾಕ್ ಹಿಡಿದ ಕೋಡ್ ನಿದ್ರೆಗೆ ಜಾರಬಾರದು ಎಂಬ ನಿಯಮಕ್ಕೂ ಕಾರಣ ಸಿಗುತ್ತದೆ: ಅದು ಮಲಗಿದರೆ, ಅದೇ ಲಾಕ್‌ಗಾಗಿ ಕಾಯುವ ಇನ್ನೊಂದು ಪ್ರೊಸೆಸರ್ ಸುಮ್ಮನೆ ಸುತ್ತುತ್ತಲೇ ಇರಬೇಕಾಗುತ್ತದೆ.

ಕೊರತೆಗಳು ಸಣ್ಣವಲ್ಲ. 2006ರಲ್ಲಿ ಕರ್ನಲ್‌ಗೆ ಪ್ರತ್ಯೇಕ ಮ್ಯೂಟೆಕ್ಸ್ ಬಂತು. ಪುಸ್ತಕ ಸೆಮಾಫೋರ್ ಬಳಸುವ ಕಡೆ ಇಂದು ಬಹುಪಾಲು ಮ್ಯೂಟೆಕ್ಸೇ ಸಲ್ಲುತ್ತದೆ. ಆರ್ಮ್ ಬೋರ್ಡುಗಳಲ್ಲಿ ಕೆಲಸ ಮಾಡುವವರಿಗೆ ದಿನವೂ ಬೇಕಾಗುವ ಡಿವೈಸ್ ಟ್ರೀಯ ಪಾಠ ಇಲ್ಲಿಲ್ಲ. ಪ್ಯಾರಲಲ್ ಪೋರ್ಟಿನ 9 ಮತ್ತು 10ನೇ ಪಿನ್‌ಗಳನ್ನು ತಂತಿಯಿಂದ ಜೋಡಿಸಿ ಇಂಟರಪ್ಟ್ ಹುಟ್ಟಿಸುವ ಸೊಗಸಾದ ಪ್ರಯೋಗವೊಂದಿದೆ. ಇಂದಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. ಹಲವು ಉದಾಹರಣೆಗಳು ಈಗಿನ ಕರ್ನಲ್‌ನಲ್ಲಿ ಇದ್ದಂತೆಯೇ ಕಂಪೈಲ್ ಆಗುವುದಿಲ್ಲ.

ಹೀಗಾಗಿ ಇದನ್ನು ಕೈಪಿಡಿಯೆಂದು ನಂಬಿ ಕೋಡ್ ನಕಲು ಮಾಡುವುದು ತಪ್ಪು. ಏಕಕಾಲಿಕತೆಯ ಐದನೇ ಅಧ್ಯಾಯವನ್ನೂ ಇಂಟರಪ್ಟ್ ಕುರಿತ ಹತ್ತನೇ ಅಧ್ಯಾಯವನ್ನೂ ನಿಧಾನವಾಗಿ ಓದಿ, ಪಕ್ಕದಲ್ಲೇ ಇಂದಿನ ಕರ್ನಲ್ ಮೂಲದ ಒಂದು ಚಿಕ್ಕ ಡ್ರೈವರ್ ತೆರೆದಿಟ್ಟುಕೊಳ್ಳಬೇಕು. ಫಂಕ್ಷನ್‌ಗಳ ಹೆಸರು ಬದಲಾಗಿರುತ್ತದೆ. ಲಾಕ್ ಎಲ್ಲಿ ಹಿಡಿಯಬೇಕು, ಎಲ್ಲಿ ಮಲಗಬಾರದು ಎಂಬ ವಿವೇಚನೆ ಮಾತ್ರ ಇವತ್ತಿಗೂ ಹಾಗೇ ಸಲ್ಲುತ್ತದೆ.